ಐದು ಕೆಜಿ ಅವರೆಕಾಯಿ

ಗೆಳೆಯರೇ, ಇವತ್ತು ಬೆಳಗ್ಗೆ ನಾನು ಐದು ಕೆಜಿ ಅವರೆಕಾಯಿ ತಂದದ್ದಕ್ಕೆ ಹೆಂಡತಿ ಸುಧಾ ನನ್ನ ಮಾತ್ರೆಗಳನ್ನು ಎಣಿಸಿದಳು.

ನನಗೆ ಬೈಪೋಲಾರ್ ಕಾಯಿಲೆ ಇದೆ. ಮಾತ್ರೆಯ ಜೊತೆಗೆ ಹತ್ತಕ್ಕೆ ಮಲಗಿ ಆರಕ್ಕೆ ಏಳುವುದೂ ನನಗೆ ಔಷಧಿಯೇ. ಮೂರು ವರ್ಷದ ಹಿಂದೆ ಕಾಯಿಲೆ ಕೆರಳಿ, ನಾಲ್ಕು ದಿನ ನಿದ್ದೆಯಿಲ್ಲದೆ, ಬಲು ಖುಷಿಯಲ್ಲಿ, ಎಂಟು ಕುಕ್ಕರ್ ತಂದಿದ್ದೆ. ಅವನ್ನು ಹಿಂದಿರುಗಿಸಲು ಅಂಗಡಿಗೆ ಅಲೆದವಳು ಇದೇ ಸುಧಾ.

ಎರಡು ದಿನ ಗೊಟ್ಟಿಗೆರೆಯ ತವರಿನಲ್ಲಿದ್ದು ಇವತ್ತು ಮರಳಿದಳು. ನಾನು ನೆಲದ ತುಂಬ ಕಾಯಿ ಹರಡಿಕೊಂಡು ಹಾಡು ಗುನುಗುತ್ತಿದ್ದೆ. ಚೀಲ ಕೆಳಗಿಡದೆಯೇ ಕೇಳಿದಳು: "ರೀ, ರಾತ್ರಿ ನಿದ್ದೆ ಮಾಡಿದ್ರಾ?"

"ಹತ್ತಕ್ಕೇ ಮಲಗಿದೆ. ಮಾತ್ರೆನೂ ತಗೊಂಡೆ."

ನಂಬಲಿಲ್ಲ. ಮಾತ್ರೆ ಎಣಿಸಿದ್ದೂ ಸಾಲದೆ, ಬಾಲ್ಕನಿಗೆ ಹೋಗಿ ಎದುರು ಮನೆಯವರನ್ನು ಕೂಗಿದಳು. "ಆಂಟಿ, ನಿನ್ನೆ ನಮ್ಮನೆ ಲೈಟ್ ಎಷ್ಟೊತ್ತಿಗೆ ಆಫ್ ಆಯ್ತು?"

"ಹತ್ತಕ್ಕೇ ಆಯ್ತಲ್ಲಮ್ಮ. ಯಾಕೆ?"

"ಸುಮ್ನೆ ಕೇಳ್ದೆ ಆಂಟಿ."

ನನಗೆ ಅವಮಾನವಾಯಿತು. ಆದರೆ ಒಳಗೆ ಬಂದವಳ ಹೆಗಲಲ್ಲಿ ಚೀಲ ಇನ್ನೂ ಹಾಗೇ ಇತ್ತು. ಅದನ್ನು ಇಸಿದುಕೊಂಡು ಕೆಳಗಿಟ್ಟೆ.

"ಮತ್ತೆ ಇಷ್ಟೊಂದು ಯಾಕೆ ತಂದ್ರಿ?"

"ಸೊಗಡು ಚೆನ್ನಾಗಿದೆ, ಪೂರ್ತಿ ತಗೊಳ್ಳಿ ಸಾರ್ ಅಂದ ಅಂಗಡಿಯವನು."

ಅವಳು ಒಂದು ಕಾಯಿ ಬಿಡಿಸಿದಳು. ಹುಳ. ಇನ್ನೊಂದು ಬಿಡಿಸಿದಳು. ಅದರಲ್ಲೂ ಹುಳ. "ಇದು ಕಾಯಿಲೆ ಅಲ್ಲ ಬಿಡಿ," ಎಂದು ನೆಮ್ಮದಿಯ ಉಸಿರುಬಿಟ್ಟಳು. "ಬರೀ ದಡ್ಡತನ."

ಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ರೋಗಿ ಎನ್ನದೆ, ಎಲ್ಲರ ಹಾಗೆ ಬರೀ ದಡ್ಡ ಎಂದಿದ್ದಳು. ಬಹಳ ಸಂತೋಷವಾಯಿತು. ಅವಳಿಗೆ ಮತ್ತೆ ಅನುಮಾನ ಬಂದೀತೆಂದು ಹೆಚ್ಚು ತೋರಿಸಿಕೊಳ್ಳಲಿಲ್ಲ.