ಒಳಗೆ ಹೋದವರ ಪುಸ್ತಕ

ಬೆಳಗಿನ ಐದೂವರೆ. ಜಲವಿದ್ಯುತ್ ಕೇಂದ್ರದ ಮೂರನೇ ಜನರೇಟರ್ ಬಾಯಿ ತೆರೆದುಕೊಂಡು ನಿಂತಿದೆ. ಸುಟ್ಟ ತಾಮ್ರದ ಸುರುಳಿಗಳನ್ನು ಕಿತ್ತು ಹೊಸದು ಕೂರಿಸುವ ಕೆಲಸ ನಲವತ್ತು ದಿನಗಳಿಂದ ನಡೆಯುತ್ತಿದೆ. ಒಳಕ್ಕಿಳಿಯುವ ಏಣಿಯ ಪಕ್ಕ ಕಬ್ಬಿಣದ ಮೇಜು, ಮೇಲೊಂದು ದಪ್ಪ ಪುಸ್ತಕ, ಹಿಂದೆ ಐವತ್ತೊಂಬತ್ತರ ಹೆಂಗಸು. ಎಲ್ಲರ ಬಾಯಲ್ಲೂ ಅವರು ಲೆಕ್ಕದಕ್ಕ.

ಇಳಿಯುವವರು ಉಂಗುರ, ಗಡಿಯಾರ, ಚಿಲ್ಲರೆ ಎಲ್ಲ ಮೇಜಿನ ಮೇಲಿಡಬೇಕು. ಒಯ್ಯುವ ಸ್ಪ್ಯಾನರ್, ಸುತ್ತಿಗೆ, ಟಾರ್ಚು ಪುಸ್ತಕಕ್ಕೇರಬೇಕು. ಒಳಗೆ ಉಳಿದ ಒಂದು ನಟ್ಟು ಸಾಕು, ಯಂತ್ರ ತಿರುಗುವಾಗ ಹೊಸ ಸುರುಳಿಯನ್ನೆಲ್ಲ ಹರಿದುಹಾಕಲು.

"ಹಲ್ಲೂ ಎಣಿಸ್ತೀರಾ ಅಕ್ಕಾ?" ಫಿಟ್ಟರ್ ಒಬ್ಬ ಕಿಚಾಯಿಸುತ್ತಾನೆ.

"ಅಲ್ಲಾಡೋದಿದ್ರೆ ತೋರ್ಸು, ಬರ್ಕೋತೀನಿ."

"ಎರಡೇ ನಿಮಿಷ ಅಕ್ಕಾ, ಹೀಗೆ ಹೋಗಿ ಹಾಗೆ ಬರ್ತೀನಿ" ಎನ್ನುತ್ತ ಅವನು ಏಣಿಗೆ ಕಾಲಿಡುತ್ತಾನೆ. ಲೆಕ್ಕದಕ್ಕನ ನಗು ನಿಲ್ಲುತ್ತದೆ. "ಹೆಸರು ಹೇಳು." ಹತ್ತು ವರ್ಷದಿಂದ ಪರಿಚಯವಿರುವವನು ತಲೆ ತಗ್ಗಿಸಿ ಹೆಸರು ಹೇಳುತ್ತಾನೆ.

ದಿನಕ್ಕೆ ಅರವತ್ತು ಜನ, ಮುನ್ನೂರು ಸಾಮಾನು. ಲೆಕ್ಕ ಸರಿಹೋಗದೆ ಯಾರೂ ಮನೆಗೆ ಹೋಗುವಂತಿಲ್ಲ. ಕಳೆದ ವಾರ ಒಂದು ಸ್ಪ್ಯಾನರಿಗಾಗಿ ಮೂರು ಗಂಟೆ ಹುಡುಕಿದರು; ಸಿಕ್ಕಿದ್ದು, ಲೆಕ್ಕದಕ್ಕನನ್ನು ಬೈಯುತ್ತಿದ್ದವನ ಬೂಟಿನಲ್ಲೇ.

ಅವರ ಗಂಡನೂ ಇಲ್ಲಿ ಸುರುಳಿ ಕೂರಿಸುವ ಫಿಟ್ಟರ್ ಆಗಿದ್ದರು. ಹದಿನಾಲ್ಕು ವರ್ಷದ ಹಿಂದೆ, ದುರಸ್ತಿ ಮುಗಿದು, ಯಂತ್ರದೊಳಗೆ ತಿರುಗುವ ರೋಟರನ್ನು ಮತ್ತೆ ಕೂರಿಸಿದ ದಿನ, ಬರೆಸದೆ ಒಯ್ದು ಒಳಗೇ ಮರೆತ ಟಾರ್ಚು ತರಲು ಕೆಳಗಿಳಿದರು. ಆಗ ಪುಸ್ತಕ ಬರೆಯುತ್ತಿದ್ದವನಿಗೆ "ಎರಡೇ ನಿಮಿಷ, ಬರೀಬೇಡ ಬಿಡು" ಎಂದರು. ಪುಸ್ತಕ ನೋಡಿದವರಿಗೆ ಒಳಗೆ ಯಾರೂ ಇರಲಿಲ್ಲ. ರೋಟರ್ ತಿರುಗಿಸಿದರು.

"ಯಾರನ್ನ ಬೈಲಿ? ಆ ಪುಸ್ತಕದ ಅಣ್ಣ ಒಂದು ವರ್ಷ ನಮ್ಮ ಬೀದಿ ಕಡೆಗೇ ಬರ್ಲಿಲ್ಲ. ನಾನೇ ಹೋಗಿ ಕರ್ದೆ. 'ಬಾರಣ್ಣ, ನಮ್ಮನೆಯವರು ಯಾರ ಮಾತು ಕೇಳೋರು' ಅಂತ."

ಗಂಡನ ಬದಲಿಗೆ ಕೆಲಸ ಕೊಡುವಾಗ ಕ್ಯಾಂಟೀನಿಗೆ ಹಾಕುತ್ತೇವೆಂದರಂತೆ. "ಪುಸ್ತಕಾನೇ ಕೊಡಿ ಅಂದೆ" ಎನ್ನುತ್ತಾರೆ. ಏಣಿಯ ಕೆಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿರುತ್ತದೆ.

ಈ ತಿಂಗಳ ಕೊನೆಗೆ ನಿವೃತ್ತಿ. ಗಂಡ ಕೆಳಗಿಳಿದ ದಿನದ ಹಳೆಯ ಪುಸ್ತಕ ಕಚೇರಿಯ ಕಪಾಟಿನಲ್ಲಿದೆ. ಅದರಲ್ಲೊಂದು ಸಾಲು ಬರೆಯಲು ಮೂರು ಸಲ ಅರ್ಜಿ ಕೊಟ್ಟಿದ್ದಾರೆ. ದಾಖಲೆ ತಿದ್ದುವಂತಿಲ್ಲ ಎಂಬ ಉತ್ತರ ಮೂರು ಸಲವೂ ಬಂದಿದೆ.

"ತಿದ್ದೋದೇನಿದೆ? ಪುಟದ ಕೆಳಗೆ ಒಂದು ಸಾಲು ಜಾಗ ಹಾಗೇ ಇದೆ. ಅವರ ಹೆಸರು, ಒಳಗೆ ಹೋದ ಹೊತ್ತು, ಅಷ್ಟೇ ಬರೀತೀನಿ. ಹೊರಗೆ ಬಂದ ಹೊತ್ತು ಅನ್ನೋ ಕಡೆ ಏನೂ ಬರಿಯಲ್ಲ. ನಾನು ಸುಳ್ಳು ಲೆಕ್ಕ ಬರೆದೋಳಲ್ಲ."