ಮಾಂತ್ರಿಕಿಗೆ ಕಬ್ಬಿಣದ ಅಂಗಿ

ಹೋದ ರವಿವಾರ ನಮ್ಮ ಮನೆಯವರೆಲ್ಲ ಕೂಡಿ ಒಬ್ಬ ಮಾಂತ್ರಿಕಿಗೆ ಅಂಗಿ ಆರಿಸಿದೆವು. ಆಕೆಗೆ ಒಂದು ಗೀರೂ ಬೀಳಲಿಲ್ಲ. ಜೊತೆಗಿದ್ದವರೆಲ್ಲ ಸತ್ತರು.

ಗಾಬರಿಯಾಗಬೇಡಿ. ಸತ್ತಿದ್ದು ಟಿವಿ ಪರದೆಯ ಮೇಲೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ಅಣ್ಣನ ಮಗಳು ಸ್ಫೂರ್ತಿ (ನಾನು ಅವಳ ಅತ್ಯಾ, ಸೋದರತ್ತೆ) ಕಾನೂನು ಓದುತ್ತಾಳೆ, ಬಿಡುವಿದ್ದಾಗ ಗೆಳೆಯರ ಜೊತೆ ಆನ್‌ಲೈನ್ ಗೇಮ್ ಆಡುತ್ತಾಳೆ. ಅದರಲ್ಲಿ ಅವಳು ಬೆಂಕಿ ಎಸೆಯುವ ಮಾಂತ್ರಿಕಿ. (ಮನೆಯಲ್ಲಿ ಗ್ಯಾಸ್ ಹಚ್ಚುವುದಕ್ಕೆ ಮಾತ್ರ ಬೇಸರ.) ಕಾಲೇಜಿನ ಡಿಬೇಟ್ ತಂಡದ ಗೆಳೆಯರೇ ಈ ತಂಡದಲ್ಲೂ ಇದ್ದಾರೆ.

ಆ ಡಿಬೇಟ್ ತಂಡ ಫೈನಲ್ ತಲುಪಿದೆ. ಬರುವ ಶನಿವಾರ ಸಂಜೆ, ಬೆಳಗಾವಿಯಲ್ಲಿ. ಅಣ್ಣನ ಕಂಡೀಷನ್ ಏನೆಂದರೆ, ತಾನೇ ಕಾರಿನಲ್ಲಿ ಕರೆದೊಯ್ಯಬೇಕು, ದೀಪ ಹಚ್ಚುವ ಹೊತ್ತಿಗೆ ಮಗಳು ಮನೆಯಲ್ಲಿರಬೇಕು. ಸಂಜೆ ಶುರುವಾಗುವ ಫೈನಲ್ ಮುಗಿಸಿ ಸಂಜೆಯೇ ಹುಬ್ಬಳ್ಳಿಗೆ ಬರುವುದು ಹೇಗೆ? ಅದು ಮಾಂತ್ರಿಕಿಯಿಂದಲೂ ಆಗದ ಕೆಲಸ. ತಂದೆ-ಮಗಳ ಮಾತು ಉಪ್ಪಿಟ್ಟಿಗೆ ಉಪ್ಪು ಕೇಳುವಷ್ಟಕ್ಕೆ ಇಳಿದಿತ್ತು.

ಅಂಥ ಹುಡುಗಿ ಅಂದು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, "ಎಲ್ಲಾರೂ ಬರ್ರಿ, ನನ್ನ ಮಾಂತ್ರಿಕಿಗೆ ಒಂದು ಅಂಗಿ ಆರಿಸಿ ಕೊಡ್ರಿ" ಎಂದಾಗಲೇ ನನಗೆ ಸಂಶಯ ಬರಬೇಕಿತ್ತು.

ನಮ್ಮ ಕಡೆ ಸೀರೆ ಅಂಗಡಿಗೆ ಹೋಗಿದ್ದೀರಲ್ಲ? ಬಿಳಿ ಗಾದಿಯ ಮೇಲೆ ಇಡೀ ಬಳಗ ಸಾಲಾಗಿ ಕೂರುತ್ತದೆ. ಒಬ್ಬರು ಸೆರಗು ಜಗ್ಗಿ ನೋಡುತ್ತಾರೆ, ಇನ್ನೊಬ್ಬರು ಬಣ್ಣ ಬಿಡುತ್ತದೆಯೇ ಎಂದು ತಿಕ್ಕುತ್ತಾರೆ. ಉಡುವವಳನ್ನು ಕೇಳುವುದು ಬಿಲ್ ಆದ ಮೇಲೆ. ಅದೇ ಬಳಗ ಈಗ ಸೋಫಾದ ಮೇಲೆ ಕೂತಿತು. ಉಪ್ಪಿನಬೆಟಗೇರಿಯಿಂದ ಊಟಕ್ಕೆ ಬಂದಿದ್ದ ಕಾಕಾ ಕೂಡ ಕನ್ನಡಕ ಒರೆಸಿಕೊಂಡು ಮುಂದೆ ಸರಿದರು.

ಮೊದಲು ಬಂದದ್ದು ನೀಲಿ ನಿಲುವಂಗಿ. ತೆಳ್ಳಗೆ, ಹಗುರ. ತೊಟ್ಟರೆ ಮಂತ್ರದ ಶಕ್ತಿ ದುಪ್ಪಟ್ಟಾಗುತ್ತದೆ ಎಂದು ಕೆಳಗೆ ಬರೆದಿತ್ತು. ಅದನ್ನು ಯಾರು ಓದುತ್ತಾರೆ?

"ಭಾಳ ತೆಳು ಆತು" ಎಂದ ಅಣ್ಣ.

"ಇದಕ್ಕ ತೋಳನ ಇಲ್ಲಲ್ಲ" ಎಂದಳು ನಮ್ಮವ್ವ, ಸ್ಫೂರ್ತಿಯ ಅಜ್ಜಿ.

"ಗುಡ್ಡದಾಗ ಹೊಂಟಾಳ, ಥಂಡಿ ಹತ್ತೂದಿಲ್ಲೇನು?" ಎಂದರು ಕಾಕಾ. (ಬೆಂಕಿ ಎಸೆಯುವವಳಿಗೆ ಥಂಡಿಯಂತೆ.)

ಕೊನೆಗೆ ಬಂತು ಕಬ್ಬಿಣದ ಕವಚ. ಅಡಿಯಿಂದ ಮುಡಿಯವರೆಗೆ ಮುಚ್ಚಿತ್ತು, ಕಣ್ಣಿಗೆ ಮಾತ್ರ ಒಂದು ಸೀಳು. ಅದು ಕತ್ತಿ ಹಿಡಿದು ಮುಂದೆ ನಿಲ್ಲುವ ಸೈನಿಕರದು. ಮಾಂತ್ರಿಕರು ತೊಟ್ಟರೆ ಕೈ ಆಡುವುದಿಲ್ಲ, ಮಂತ್ರ ಅರ್ಧಕ್ಕೇ ನಿಲ್ಲುತ್ತದೆ. ಅದನ್ನೂ ಬರೆದಿತ್ತು, ಕೆಂಪಕ್ಷರದಲ್ಲಿ. ಆದರೆ ಅವ್ವನ ಮುಖ ಅರಳಿತು.

"ಇದನ್ನ ತಗೋ. ಬಾಳಿಕಿ ಬರ್ತದ."

ಎಲ್ಲರೂ ಹೂಂ ಅಂದೆವು. "ಆತು" ಎಂದಳು ಸ್ಫೂರ್ತಿ. ಡಿಬೇಟ್ ಮಾಡುವ ಹುಡುಗಿ, ಒಂದು ಮಾತೂ ವಾದಿಸಲಿಲ್ಲ.

ಆಟ ಶುರುವಾಯಿತು. ಎದುರಿಗೆ ದೈತ್ಯ ರಾಕ್ಷಸ. ಗೆಳೆಯರೆಲ್ಲ ಮುಂದೆ ನುಗ್ಗಿದರು. ನಮ್ಮ ಮಾಂತ್ರಿಕಿ ಗ್ಯಾಸ್ ಸಿಲಿಂಡರ್ ಉರುಳಿಸಿದ ಹಾಗೆ ಹಿಂದಿನಿಂದ ಬಂದಳು. ಸ್ಪೀಕರಿನಲ್ಲಿ ಗೆಳತಿಯೊಬ್ಬಳ ದನಿ: "ಸ್ಫೂರ್ತಿ, ಬೆಂಕಿ ಒಗಿ. ಲಗೂ ಒಗಿ." ಈಕೆ ಕೈ ಎತ್ತುತ್ತಾಳೆ, ಎತ್ತುತ್ತಲೇ ಇರುತ್ತಾಳೆ. ಬೆರಳ ತುದಿಯಲ್ಲಿ ಬರೀ ಹೊಗೆ. ಒಬ್ಬೊಬ್ಬರಾಗಿ ಎಲ್ಲರೂ ಬಿದ್ದರು. "ಪಾಪ, ಯಾರ ಮಕ್ಕಳೋ" ಎಂದು ಅವ್ವ ಲೊಚಗುಟ್ಟಿದಳು. ರಾಕ್ಷಸ ಈಕೆಯನ್ನೂ ಬಡಿದ. ಠಣ್ ಎಂದು ಸಪ್ಪಳವಾಯಿತು, ಅಷ್ಟೇ. ಅವನೂ ಬೇಸತ್ತು ಗುಹೆಗೆ ಹೋದ.

"ನೋಡು, ಅಕಿಗೆ ಏನರ ಆತೇನು?" ಅಣ್ಣನ ದನಿಯಲ್ಲಿ ಹೆಮ್ಮೆ.

"ಏನೂ ಆಗ್ಲಿಲ್ಲ ಪಪ್ಪಾ. ಅಕಿ ಏನೂ ಮಾಡ್ಲೂ ಇಲ್ಲ" ಎಂದಳು ಸ್ಫೂರ್ತಿ. "ಶನಿವಾರ ನಾನೂ ಹಿಂಗ ಮನ್ಯಾಗ ಕುಂದರತೇನಿ. ನನಗೂ ಏನೂ ಆಗೂದಿಲ್ಲ. ಅವರು ಸೋಲ್ತಾರ, ಅಷ್ಟ."

ಬೇಕಂತಲೇ ಮಾಡಿದ್ದಳು. ಗೆಳೆಯರಿಗೂ ಮೊದಲೇ ಹೇಳಿಟ್ಟಿದ್ದಳಂತೆ, ಸ್ಪೀಕರಿನ ಆ ಕೂಗೂ ನಾಟಕವೇ. ಕಾಕಾ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

ನನಗೆ ಸಿಟ್ಟೇ ಬಂತು, ನಮ್ಮೆಲ್ಲರ ಮೇಲೆ. ಮಗಳಿಗೆ ಓದು ಕೊಡಿಸುತ್ತೇವೆ, ಮಾತು ಕಲಿಸುತ್ತೇವೆ. ಕಪ್ ತಂದರೆ ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತೇವೆ. ಮುಂದಿನ ಕಪ್ ತರಲು ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುತ್ತೇವೆ. ಕೇಳಿದರೆ ಕಾಳಜಿ ಅನ್ನುತ್ತೇವೆ. ಆ ಕಾಳಜಿ ಎಷ್ಟು ಭಾರ ಎಂದು ತೊಟ್ಟವಳನ್ನು ಯಾರಾದರೂ ಕೇಳಿದ್ದೇವಾ?

ಅಣ್ಣ ಚಹಾ ಕುಡಿದು ಬಟ್ಟಲು ಕೆಳಗಿಟ್ಟ. ಆಮೇಲೆ, "ಆತು, ಹೋಗು. ಫೈನಲ್ ಮುಗಿಸ್ಕೊಂಡ ಬಾ" ಎಂದ. ಸ್ಫೂರ್ತಿ ಸೋಫಾದಿಂದ ಏಳುವಷ್ಟರಲ್ಲಿ ಮುಂದಿನ ಮಾತೂ ಬಂತು: "ನಿಮ್ಮ ಅತ್ಯಾ ಜೋಡಿ ಬರ್ತಾಳ. ಅಕಿನ್ನ ಬಿಟ್ಟು ಒಂದು ಹೆಜ್ಜಿ ಆಕಡೆ ಈಕಡೆ ಆಗಬಾರ್ದು."

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕವಚ ಕಂಡಾಗ ಅರಳಿದ್ದ ಮುಖ ಮತ್ತೆ ಅರಳಿತು.

ಶನಿವಾರ ಸ್ಫೂರ್ತಿ ತೊಡಲಿರುವ ಕಬ್ಬಿಣದ ಅಂಗಿ ನಾನು, ಬಾಳಿಕೆ ಬರುತ್ತೇನಂತೆ.