ಕಡ್ಡಿ ಸಿಕ್ಕಿಸಿದ ಡ್ರೈವರ್

ಅಮೃತಹಳ್ಳಿಯ ತಮ್ಮ ಸೈಟಿನಲ್ಲಿ ಕಟ್ಟಡ ಎಬ್ಬಿಸಿ, ಬಾಡಿಗೆಗೆ ಯಾರೂ ಬರದಿದ್ದಾಗ ಅನಂತರಾಜು ತಾವೇ ಅಲ್ಲೊಂದು ಕಂಪ್ಯೂಟರ್ ಕಂಪನಿ ತೆರೆದರು. ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವುದು ಅಲ್ಲಿ ದಿವ್ಯಳ ಕೆಲಸ. ಕಾರ್ಡು ಬಿಸಿಯಾಗಿ ನಿಂತರೆ ಡ್ರೈವರ್ ಎರಡು ಮೂರು ಸಲ ಎಬ್ಬಿಸಿ ನೋಡಬೇಕು, ಏಳದಿದ್ದರೆ ಕೆಟ್ಟಿದೆ ಎಂದು ಹೇಳಬೇಕು, ಹಾಗೆಯೇ ಬರೆದಿದ್ದಳು.

"ಗಿರಾಕಿ ಎದುರು ಕೆಟ್ಟಿದೆ ಅಂತ ಬರಬಾರದು ಕಣಮ್ಮ. ಎಬ್ಬಿಸ್ತಾನೇ ಇರ್ಲಿ, ಸ್ಕ್ರೀನಲ್ಲಿ ಎಲ್ಲಾ ಸರಿ ಅಂತಿರ್ಲಿ," ಎಂದರು ರಾಜು.

"ಸರ್, ಬಿಸಿಯಾದ್ರೂ ಟ್ರಿಪ್ ಆಗಿ ನಿಲ್ಬಾರ್ದು ಅಂತ ಹೋದ್ಸಲ ನೀವೇ ಬೋರ್‌ವೆಲ್ ಸ್ಟಾರ್ಟರ್‌ಗೆ ಕಡ್ಡಿ ಸಿಕ್ಕಿಸಿ ಮೋಟರ್ ಸುಟ್ರಲ್ಲ, ಇದೂ ಅದೇ."

"ಮೋಟರ್ ವಿಷಯ ಬಿಡು. ಹೇಳಿದಷ್ಟು ಮಾಡು."

ಹಲ್ಲು ಕಚ್ಚಿಕೊಂಡು ಮಾಡಿದಳು. ಗಿರಾಕಿ ಬಂದ ದಿನವೇ ಕಾರ್ಡು ನಿಂತಿತು. ಅದರ ಮೂಲಕ ಬರುತ್ತಿದ್ದ ಕ್ಯಾಮೆರಾದ ಚಿತ್ರ ಅಲ್ಲಾಡದೆ ಕೂತರೂ ಸ್ಕ್ರೀನು 'ಎಲ್ಲಾ ಸರಿ' ಎನ್ನುತ್ತಿತ್ತು.

"ಈ ಹುಡುಗಿ ಡ್ರೈವರ್ ಸರಿಯಾಗಿ ಬರೆದಿಲ್ಲ," ಎಂದರು ರಾಜು, ಮುಖದ ಒಂದು ಗೆರೆಯೂ ಕದಲದಂತೆ.

ದಿವ್ಯಳಿಗೆ ಮೈಯೆಲ್ಲ ಉರಿಯಿತು. ಎದ್ದುಹೋಗಿ ಕಾರ್ಡಿನ ಕೇಬಲ್ಲನ್ನೇ ಕಿತ್ತು ಕೈಯಲ್ಲಿ ಹಿಡಿದಳು. ಸ್ಕ್ರೀನು ಆಗಲೂ 'ಎಲ್ಲಾ ಸರಿ' ಎಂದಿತು.

"ಕೆಟ್ರೆ ಕೆಟ್ಟಿದೆ ಅನ್ನೋ ಹಾಗೇ ಮೊದಲು ಬರೆದಿದ್ದೆ. ಸುಳ್ಳು ಹೇಳಿಸು ಅಂದೋರು ನೀವು ಸರ್. ಅದನ್ನ ಸರಿಯಾಗೇ ಬರೆದಿದ್ದೀನಿ."

ಗಿರಾಕಿ ರಾಜು ಕಡೆ ನೋಡಲೇ ಇಲ್ಲ. "ಮೊದಲು ಬರೆದಿದ್ದು ಇದ್ಯಾಮ್ಮ? ಅದನ್ನ ಹಾಕಿ," ಎಂದ.